ನಮ್ಮ ಮನೆಯ ನೆಟ್ಟಿಗೆ ಬಂದ ಬರ

ಯಾರ ಮನೆಯಲ್ಲಾದರೂ ಏನಾದರೂ ಕೆಟ್ಟು ಕೂತಿದೆ ಎಂದು ಕಿವಿಗೆ ಬಿದ್ದರೆ ನನಗೆ ಒಳಗೊಳಗೇ ಖುಷಿಯಾಗುತ್ತದೆ. ಇದು ಒಳ್ಳೆಯ ಗುಣವಲ್ಲ ಎಂದು ನನ್ನ ಹೆಂಡತಿ ಸುಲೋಚನಾ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ನಾನೇನು ಮಾಡಲಿ? ಓಡುವ ಗಡಿಯಾರದಲ್ಲಿ ಮಾತಾಡಿಸುವಂಥದ್ದೇನೂ ನನಗೆ ಕಾಣುವುದಿಲ್ಲ. ನಿಂತ ಗಡಿಯಾರ ಕಂಡರೆ ಮಾತ್ರ ಪಕ್ಕದಲ್ಲಿ ಕೂತು ‘ಏನಪಾ, ಯಾಕ ನಿಂತಿ’ ಎಂದು ವಿಚಾರಿಸಬೇಕೆನಿಸುತ್ತದೆ. ವಿಚಾರಿಸುತ್ತೇನೆ, ಬಿಚ್ಚುತ್ತೇನೆ, ಮತ್ತೆ ಕೂಡಿಸುತ್ತೇನೆ. ಕೂಡಿಸಿದ ಮೇಲೆ ಒಂದೆರಡು ಸ್ಕ್ರೂ ಉಳಿಯುತ್ತವೆ, ಅದು ಬೇರೆ ಮಾತು. ಕಂಪನಿಯವರು ಮುಂಜಾಗ್ರತೆಗೆಂದು ಹೆಚ್ಚಿಗೆ ಹಾಕಿರುತ್ತಾರೆ ಎಂಬುದು ನನ್ನ ಅನುಭವ. ಗಾಂಧಿ ಗಂಜದ ಹಿಂದಿನ ನಮ್ಮ ಓಣಿಯಲ್ಲಿ ನಾನು ರಿಪೇರಿ ಮಾಡಿದ ಮಿಕ್ಸರುಗಳು ಇವತ್ತಿಗೂ ತಿರುಗುತ್ತಿವೆ. ಕೆಲವು ಉಲ್ಟಾ ತಿರುಗುತ್ತವೆ ಎಂದು ಹೊಟ್ಟೆಕಿಚ್ಚಿನವರು ಹೇಳುತ್ತಾರೆ.

ನಾನು ಭಾಲ್ಕಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಗಾಜಿನ ಗೂಡಿನಲ್ಲಿ ಮೈಕ್ ಮುಂದೆ ಕೂತು ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಕೂಗುವ ಕೆಲಸ. ಕೈಯಲ್ಲಿ ಮೈಕು, ಎದುರಿಗೆ ಜನ, ಬಸ್ಸು ತಡ. ನನ್ನಂಥವನನ್ನು ಇಂಥ ಜಾಗದಲ್ಲಿ ಕೂಡಿಸಿದ್ದು ಸರಕಾರದ್ದೇ ತಪ್ಪು. ಡಿಪೋ ಮ್ಯಾನೇಜರು ಊಟ ಮಾಡಿ ಬೇವಿನ ನೆರಳಲ್ಲಿ ತೂಕಡಿಸುತ್ತಿದ್ದಾಗ, ‘ನೆರಳಿನ್ಯಾಗ ಮಲಗಿರುವ ಯಜಮಾನ್ರು ತಮ್ಮ ಚಪ್ಪಲ್ ನಾಯಿ ಒಯ್ಯಲತ್ತದ ಅಂತ ತಿಳ್ಕೋಬೇಕಾಗಿ ವಿನಂತಿ’ ಎಂದು ಮೈಕಿನಲ್ಲಿ ಹೇಳಿದವನು ನಾನೇ. ನಾಯಿಯೂ ಇರಲಿಲ್ಲ, ಚಪ್ಪಲಿಗೂ ಏನಾಗಿರಲಿಲ್ಲ. ಆದರೆ ಇಡೀ ನಿಲ್ದಾಣ ಅವತ್ತು ನಕ್ಕಿತು. ಬಸ್ಸು ತಡವಾದದ್ದನ್ನು ಒಬ್ಬರೂ ಕೇಳಲಿಲ್ಲ. ನಿವೃತ್ತನಾಗಿ ಬೀದರಿಗೆ ಬಂದು ನೆಲೆಸಿದರೂ ಜನ ನನ್ನನ್ನು ‘ಕಂಟ್ರೋಲರ್ ಕಾಕಾ’ ಎಂದೇ ಕರೆಯುತ್ತಾರೆ. ಮನೆಯಲ್ಲಿ ಯಾವುದೂ ನನ್ನ ಕಂಟ್ರೋಲಿನಲ್ಲಿಲ್ಲ ಎಂಬುದು ಅವರಿಗೆ ಗೊತ್ತಿದೆ. ಹಾಗಾಗಿಯೇ ಹಾಗೆ ಕರೆಯುತ್ತಾರೋ ಏನೋ.

ನಮ್ಮ ಮನೆಗೆ ಕೇಬಲ್ ಇಂಟರ್ನೆಟ್ ಬಂದದ್ದು ನನ್ನಿಂದಲ್ಲ, ಸುಲೋಚನಾಳ ಭಜನೆಯಿಂದ. ಅವಳ ತವರು ಔರಾದ ತಾಲ್ಲೂಕಿನ ಸಂತಪುರ. ಅಲ್ಲಿ ಅವಳದೊಂದು ಹೆಂಗಸರ ಭಜನಾ ಮಂಡಳಿ ಇದೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಹಾಡಿಸಿ ಬರುತ್ತಿದ್ದಳು. ಕನ್ನಡದ ಪದವೂ ಆಗಬೇಕು, ಮರಾಠಿ ಅಭಂಗವೂ ಆಗಬೇಕು. ಎರಡರ ನಡುವೆ ಚಹಾ ಅಂತೂ ಆಗಲೇಬೇಕು. ಆಮೇಲೆ ಮೇಲಿಂದ ಮೇಲೆ ಮಳೆ ಕೈಕೊಟ್ಟಿತು. ಊರಲ್ಲಿ ಕೂಲಿ ಇಲ್ಲದಂತಾಗಿ, ತಾಳ ಹಿಡಿದವಳು ಗಂಡನ ಜೊತೆ ಹೈದರಾಬಾದಿಗೆ ಹೋದಳು, ಡಗ್ಗಾ ಬಾರಿಸುವವಳು ಅವಳ ಹಿಂದೆಯೇ ಹೋದಳು. ಕೊನೆಗೆ ಎಕಂಬಾದ ಇಂದುಬಾಯಿಯೂ ಪುಣೆಗೆ ಹೋದಳು. ಮಂಡಳಿಯ ನಿಜವಾದ ಕಂಠ ಈ ಇಂದುಬಾಯಿಯದು. ಅವಳು ದನಿ ಎತ್ತಿದರೆ ಗುಡಿಯ ಹೊರಗೆ ಎಲೆಯಡಿಕೆ ಹಾಕಿಕೊಳ್ಳುತ್ತ ನಿಂತ ಗಂಡಸರು ಕೈ ಹಾಗೇ ನಿಲ್ಲಿಸುತ್ತಿದ್ದರು. ಆ ಕಂಠ ಈಗ ಪುಣೆಯ ಯಾವುದೋ ಕಟ್ಟಡದ ಕೆಳಗೆ, ತಗಡಿನ ಶೆಡ್ಡಿನಲ್ಲಿ ಸಿಮೆಂಟು ಕುಡಿಯುತ್ತಿತ್ತು.

ಸಂತಪುರದಲ್ಲಿ ಮಂಡಳಿಯೇ ಇಲ್ಲವೆಂದ ಮೇಲೆ ಬಸ್ಸು ಹತ್ತಿ ಹೋಗಿ ಏನು ಮಾಡುವುದು? ಸುಲೋಚನಾ ಮಂಡಳಿಯನ್ನು ಮೊಬೈಲಿಗೆ ತಂದಳು. ರವಿವಾರ ಇಂದುಬಾಯಿಗೆ ರಜೆ. ಸಂಜೆ ಶೆಡ್ಡಿನ ಗಂಡಸರು ಬಜಾರಕ್ಕೆ ಹೋದ ಹೊತ್ತಿಗೆ ಅವಳಿಗೆ ಒಂದು ತಾಸು ಸಿಗುತ್ತಿತ್ತು. ಸುಲೋಚನಾ ದೇವರ ಕೋಣೆಯಲ್ಲಿ ಹಾರ್ಮೋನಿಯಂ ಪೇಟಿ ಮುಂದಿಟ್ಟುಕೊಂಡು ಒಂದು ಸಾಲು ಹಾಡುವುದು, ಪುಣೆಯಿಂದ ಇಂದುಬಾಯಿ, ಹೈದರಾಬಾದಿನಿಂದ ಅವರಿಬ್ಬರು ಅದನ್ನು ಎತ್ತಿಕೊಳ್ಳುವುದು. ದೂರದ ದನಿ ಕೊಂಚ ತಡವಾಗಿ ಬರುತ್ತದೆಂದು ಸುಲೋಚನಾ ಪ್ರತಿ ಸಾಲಿಗೂ ಒಂದು ತಾಳದಷ್ಟು ತಡೆದು ಕಾಯುವುದನ್ನು ಕಲಿತಳು. ಮಾತಿನಲ್ಲಿ ನನಗಾಗಿ ಅಷ್ಟು ತಡೆದು ಕಾದವಳಲ್ಲ. ನನಗೆ ಸ್ವಲ್ಪ ಅಸೂಯೆಯೇ ಆಯಿತು. ಮೊದಮೊದಲು ಎಲ್ಲ ಸರಿಯಾಗಿತ್ತು. ಬೇಸಿಗೆ ಬಲಿತಂತೆ ರವಿವಾರದ ನೆಟ್ಟು ಹಾಳಾಗತೊಡಗಿತು. ಸುಲೋಚನಾ ಹಾಡಿದ ಸಾಲು ಪುಣೆಯನ್ನು ತುಂಡುತುಂಡಾಗಿ ಮುಟ್ಟುತ್ತಿತ್ತು. ಅಲ್ಲಿಂದ ಇಂದುವಿನ ಮುಖ ಬಾಯಿ ತೆರೆದು ನಿಂತುಬಿಡುತ್ತಿತ್ತು. ದನಿ ಆಮೇಲೆ ಯಾವಾಗಲೋ, ಸುಲೋಚನಾ ಮುಂದಿನ ಸಾಲಿನ ನಡುವೆ ಇದ್ದಾಗ ಬಂದು ಇಳಿಯುತ್ತಿತ್ತು. ನಾನು ಬಾಗಿಲಲ್ಲಿ ನಿಂತು, ‘ಪುಣೆ ಗಾಡಿ ತಡವಾಗಿ ಬರ್ಲತ್ತದ, ಪ್ರಯಾಣಿಕರು ಸಹಕರಿಸಬೇಕು’ ಎಂದೆ. ಸುಲೋಚನಾ ನಗಲಿಲ್ಲ.

ನಗುವ ಹಾಗಿರಲೂ ಇಲ್ಲ. ಒಂದು ರವಿವಾರ ಇಂದುಬಾಯಿ ಅರ್ಧದಲ್ಲೇ ತಾಳ ಕೆಳಗಿಟ್ಟಳು. ‘ಅಕ್ಕಾ, ಬಿಡ್ರಿ. ನಾ ಒಬ್ಬಾಕಿ ಒದರಿದಂಗ ಆಗ್ಲತ್ತದ. ಬಾಜೂ ಶೆಡ್ಡಿನವ್ರು ಬಂದು ನೋಡಿ ನಗ್ತಾರ. ಇಲ್ಲಿ ಬಂದ ಮ್ಯಾಲ ದನಿನೂ ಹೋಗ್ಯಾದ ನಂದು’ ಎಂದಳು. ‘ದನಿ ಎಲ್ಲಿ ಹೋಗ್ತದ? ಸುಮ್ಮ ಕುಂದ್ರು’ ಎಂದು ಸುಲೋಚನಾ ಗದರಿದಳು. ಆ ಗದರಿಕೆಯೂ ಅರ್ಧ ಮಾತ್ರ ತಲುಪಿರಬೇಕು. ಇಂದು, ‘ಏನಂದ್ರಿ?’ ಎಂದಳು, ಪರದೆ ಕಪ್ಪಾಯಿತು. ಅವತ್ತು ಸುಲೋಚನಾ ಪೇಟಿ ಮುಚ್ಚಿ ನನ್ನ ಹತ್ತಿರ ಬಂದು ಹೇಳಿದಳು: ‘ಆಕಿ ದಿನಾ ಬುಟ್ಟಿ ಹೊರ್ತಾಳ. ವಾರಕ್ಕೊಂದು ತಾಸು ಹಾಡ್ತಾಳ. ಆ ತಾಸು ತಪ್ಪಿದ್ರ ತಾ ಹಾಡವ್ಳು ಅಂಬೋದೇ ಮರೀತಾಳ. ನಿಮಗ ಊರ ಮಂದಿ ಮಿಕ್ಸರ್ ಬಿಚ್ಚಲಿಕ್ಕ ಟೈಮ್ ಅದ. ಇದೊಂದು ನೋಡಲಿಕ್ಕ ಆಗಂಗಿಲ್ಲೇನ್ರಿ?’ ಇಷ್ಟು ಕಾಲ ಬಿಚ್ಚಬೇಡ, ಮುಟ್ಟಬೇಡ ಎಂದವಳು ತಾನಾಗಿ ಕೇಳಿದ ಮೊದಲ ರಿಪೇರಿ ಅದು. ನಾನು ಅಂಗಿಯ ತೋಳು ಮಡಚಿದೆ.

ಮೊದಲ ಚಿಕಿತ್ಸೆ ಎಲ್ಲರೂ ಮಾಡುವಂಥದ್ದೇ. ಮುಂದಿನ ಪಡಸಾಲೆಯಲ್ಲಿ ಕಿಟಕಿಯಿಂದ ಕೇಬಲ್ ಒಳಬರುವ ಕಡೆ, ಮಿಣಮಿಣ ದೀಪದ ಆ ಡಬ್ಬಿ ಇದೆ. ಅದನ್ನು ಬಂದ್ ಮಾಡಿದೆ, ಚಾಲೂ ಮಾಡಿದೆ. ಕೊಡವಿದೆ, ಒರೆಸಿದೆ, ಅದರ ಎರಡು ಕೊಂಬುಗಳನ್ನು ಹೋರಿಯ ಕೊಂಬಿನಂತೆ ನೆಟ್ಟಗೆ ಮಾಡಿದೆ. ಆಮೇಲೆ ಕಳ್ಳತನದ ಗುಮಾನಿ ಬಂತು. ಓಣಿಯಲ್ಲಿ ಯಾರೋ ನಮ್ಮ ನೆಟ್ಟು ಹೀರುತ್ತಿರಬೇಕು. ಪಾಸ್‌ವರ್ಡ್ ಬದಲಿಸಿದೆ, ಬದಲಿಸುವುದರ ಜೊತೆಗೆ, ಮೊಬೈಲುಗಳಲ್ಲಿ ಕಾಣುವ ನಮ್ಮ ನೆಟ್ಟಿನ ಹೆಸರನ್ನೂ ‘ಪೊಲೀಸ್ ತನಿಖಾ ಗಾಡಿ’ ಎಂದು ಇಟ್ಟೆ. ಎರಡು ದಿನ ಓಣಿ ಬಹಳ ಸಭ್ಯವಾಗಿತ್ತು. ಎದುರು ಮನೆಯಾತ ಹೆಲ್ಮೆಟ್ ಹಾಕಿಕೊಂಡು ಹಾಲಿಗೆ ಹೋದ. ಪಕ್ಕದ ಮನೆಯ ಗೋದಾವರಿ ಬಂದು ಸುಲೋಚನಾಳಿಗೆ, ‘ವೈನಿ, ಯಾರನ್ನೋ ಹಿಡೀಲಾಕ ಬಂದಾರಂತ, ಗಾಡಿ ಕಾಣ್ಸಲ್ದು, ಹೆಸರಷ್ಟೇ ಕಾಣ್ಸಲತ್ತದ’ ಎಂದು ಪಿಸುಗುಟ್ಟಿದಳು. ಆ ಎರಡು ದಿನ ನನಗೆ ಊಟ ರುಚಿಸಿತು. ನೆಟ್ಟು ಮಾತ್ರ ರವಿವಾರ ಬಂದ ಕೂಡಲೇ ಮತ್ತೆ ಕುಂಟಿತು.

ಆಗ ಕೇಬಲ್ಲಿನ ವಿಠ್ಠಲನನ್ನು ಕರೆಸಿದೆ. ನಮ್ಮ ಕಡೆಯ ಓಣಿಗಳಿಗೆಲ್ಲ ಅವನೇ ಕೇಬಲ್ ಎಳೆದವನು. ದೊಡ್ಡ ಬೂಟು, ಅದಕ್ಕೆ ಮೊಣಕಾಲಿನ ಸಮೀಪದವರೆಗೆ ಲಾಡಿ. ಪಡಸಾಲೆಯಲ್ಲಿ ಡಬ್ಬಿಯ ಮುಂದೆ ನಿಂತು ತನ್ನ ಮೊಬೈಲಿನಲ್ಲಿ ವೇಗ ಅಳೆಯುವ ಮುಳ್ಳು ತೋರಿಸಿದ. ಮುಳ್ಳು ಹಾರಿ ಕೊನೆಗೆ ಹೋಗಿ ಕೂತಿತು. ‘ನೋಡ್ರಿ ಕಾಕಾ, ನಮ್ಮ ಕಡಿಂದ ಬರೋಬರ್ ಅದ’ ಎಂದ. ಸುಲೋಚನಾ ಒಳಗಿನಿಂದ, ‘ಇಲ್ಲಿ ಬಂದು ನೋಡ್ರಿ, ದೇವರ ಕ್ವಾಣ್ಯಾಗ’ ಎಂದಳು. ವಿಠ್ಠಲ ತನ್ನ ಬೂಟು ನೋಡಿದ, ಲಾಡಿ ನೋಡಿದ, ದೇವರ ಕೋಣೆಯ ದಿಕ್ಕು ನೋಡಿದ. ‘ಅಲ್ಲೂ ಇದೇ ಇರ್ತದ್ರಿ ಅಕ್ಕಾ. ರವಿವಾರ ಎಲ್ಲಾರೂ ಮನ್ಯಾಗ ಇರ್ತಾರ, ಲೋಡ್ ಆಯ್ತದ’ ಎಂದು ಹೇಳಿ ಹೋದ. ಲೋಡ್ ಎಂಬ ಮಾತು ನನಗೆ ಹಿಡಿಸಿತು. ನನ್ನ ಕಾಲದಲ್ಲೂ ಬಸ್ಸು ಯಾಕೆ ಬರಲಿಲ್ಲ ಎಂದು ಕೇಳಿದವರಿಗೆ ಇಂಥದ್ದೇ ಒಂದು ಮಾತು ಹೇಳಿ ಕಿಟಕಿ ಮುಚ್ಚುತ್ತಿದ್ದೆ. ನಾನು ಪಡಸಾಲೆಯಲ್ಲೇ ಕೂತು ಕುಸ್ತಿಯ ವಿಡಿಯೋ ನೋಡುವವನು. ನನಗಂತೂ ಯಾವತ್ತೂ ನಿಂತದ್ದಿಲ್ಲ. ‘ಪಡಸಾಲಿಗೇ ಬಂದು ಹಾಡು’ ಎಂದೆ. ಒಂದು ರವಿವಾರ ಬಂದು ಹಾಡಿದಳು. ನಮ್ಮ ಪಡಸಾಲೆಯ ಕಿಟಕಿ ಕಾಳಿನ ಮಾರುಕಟ್ಟೆಯಾದ ಗಂಜಕ್ಕೆ ಹೋಗುವ ರಸ್ತೆಗೇ ತೆರೆಯುತ್ತದೆ. ತೊಗರಿಯ ಲಾರಿಗೂ ಕೈಗಾಡಿಗೂ ಮುಖಾಮುಖಿಯಾಗಿ, ಹಮಾಲರು ಪರಸ್ಪರರ ವಂಶವೃಕ್ಷ ಹೇಳಿಕೊಂಡದ್ದು ಒಂದಕ್ಷರ ತುಂಡಾಗದೆ ಪುಣೆಗೂ ಹೈದರಾಬಾದಿಗೂ ತಲುಪಿತು. ಭಜನೆ ಮರಳಿ ದೇವರ ಕೋಣೆಗೆ ಹೋಯಿತು.

ಮುಂದೆ ಒಂದು ವಿಚಿತ್ರ ನಡೆಯಿತು. ನಿಮಗೆ ಒಂದು ವಿಷಯ ಹೇಳಬೇಕು: ಸುಲೋಚನಾ ಬೆಳಗಾದರೆ ದೇವರ ಕೋಣೆಯಲ್ಲಿ ಕೂತು ಮೊಬೈಲಿನಲ್ಲಿ ಪಂಢರಪುರದ ದರ್ಶನ ನೋಡುತ್ತಾಳೆ. ರವಿವಾರ, ಸೋಮವಾರ ವಿಠೋಬಾ ಚೌಕಚೌಕವಾಗಿ ಒಡೆದು ನಿಲ್ಲುತ್ತಿದ್ದ. ಗುರುವಾರ, ಶುಕ್ರವಾರದ ಹೊತ್ತಿಗೆ ಸೊಂಟದ ಮೇಲೆ ಕೈಯಿಟ್ಟು ಸ್ವಚ್ಛ ಕಾಣುತ್ತಿದ್ದ. ನಾವು ಇದನ್ನೂ ಲೋಡಿನ ಲೆಕ್ಕಕ್ಕೇ ಹಾಕಿದ್ದೆವು. ಆದರೆ ಪ್ರತಿ ಶನಿವಾರ ಓಣಿಗೆ ಬರುವ ನೀರಿನ ಟ್ಯಾಂಕರ್ ಒಂದು ವಾರ ಬರಲಿಲ್ಲ. ಮನೆಯಲ್ಲಿ ತಂಬಿಗೆ ತಳ ಕಂಡಿತು. ಆ ರವಿವಾರ ನೆಟ್ಟು ಮಾತ್ರ ಕುದುರೆಯಂತೆ ಓಡಿತು. ಇಂದುವಿನ ದನಿ ದೇವರ ಕೋಣೆಯನ್ನು ತುಂಬಿ ಪಡಸಾಲೆಗೆ ಚೆಲ್ಲಿತು. ಬಿಡ್ರಿ ಎಂದಿದ್ದವಳು, ಇನ್ನೊಂದೇ ರವಿವಾರ ನೋಡೋಣ ಎಂದು ತಾನೇ ಹೇಳಿದಳು. ಟ್ಯಾಂಕರ್ ಕೊನೆಗೆ ಮಂಗಳವಾರ ಬಂತು. ಬುಧವಾರ ಬೆಳಿಗ್ಗೆ ವಿಠೋಬಾ ಚೌಕಚೌಕವಾದ.

ಬುಧವಾರ ಯಾವ ಲೋಡು? ಕಚೇರಿಗೂ ರಜೆಯಿಲ್ಲ, ಗಂಜಕ್ಕೂ ರಜೆಯಿಲ್ಲ. ನನಗೆ ಮೈಯೆಲ್ಲ ಕಿವಿಯಾಯಿತು. ರವಿವಾರಕ್ಕೂ ನೆಟ್ಟಿಗೂ ಸಂಬಂಧವಿಲ್ಲ, ಟ್ಯಾಂಕರಿಗೂ ನೆಟ್ಟಿಗೂ ಇದೆ. ನೀರು ಬಂದ ಮರುದಿನ ನೆಟ್ಟು ಹೋಗುತ್ತದೆ. ಇದನ್ನು ಕಂಡುಹಿಡಿದವನು ಬೀದರ ಜಿಲ್ಲೆಯಲ್ಲಿ ನಾನೇ ಮೊದಲಿಗ ಎಂದು ಧೈರ್ಯವಾಗಿ ಹೇಳಬಲ್ಲೆ. ಸುಲೋಚನಾಳಿಗೆ ಹೇಳಿದರೆ, ‘ಇದೂ ಒಂದು ಮಸ್ಕಿರಿ ಏನು?’ ಎಂದಳು. ತಮಾಷೆಗೆ ನಮ್ಮ ಕಡೆ ಮಸ್ಕಿರಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಮಾತು ಉಪ್ಪಿಗಿಂತ ಹೆಚ್ಚು ಖರ್ಚಾಗುತ್ತದೆ.

ನನ್ನ ಮೊದಲ ಊಹೆ ಹೀಗಿತ್ತು: ಎತ್ತರದ ಟ್ಯಾಂಕರ್ ಓಣಿಯಲ್ಲಿ ನುಗ್ಗುವಾಗ ಜೋತುಬಿದ್ದ ಕೇಬಲ್ಲಿಗೆ ತಲೆ ಹೊಡೆಸುತ್ತದೆ, ಕೇಬಲ್ ಒಳಗೇ ಎಲ್ಲೋ ಉಳುಕುತ್ತದೆ. ಮುಂದಿನ ಶನಿವಾರ ಉದ್ದನೆಯ ಬಿದಿರ ಗಳ ಹಿಡಿದು ಓಣಿಯ ಬಾಯಲ್ಲಿ ನಿಂತೆ. ಟ್ಯಾಂಕರ್ ಬಂದ ಕೂಡಲೇ ಕೇಬಲನ್ನು ಗಳದಿಂದ ಮೇಲೆತ್ತಿ ಹಿಡಿದು, ಅದರ ಜೊತೆಜೊತೆಗೆ ಹಿಮ್ಮುಖವಾಗಿ ನಡೆದೆ. ಚಾಲಕ ಖಾಜಾಭಾಯ್ ಕಿಟಕಿಯಿಂದ ತಲೆ ಹೊರಹಾಕಿ, ‘ಏನ್ರಿ ಕಾಕಾ, ನನಗ ಛತ್ರಿ ಹಿಡೀಲತ್ತೀರೇನು?’ ಎಂದು ಕೇಳಿದ. ‘ನಿನ್ನ ಗಾಡಿ ನನ್ನ ನೆಟ್ ಕಡೀಲತ್ತದ’ ಎಂದೆ. ‘ನೀರು ತಂದವ್ನಿಗೆ ಬಂದೂಕು ತೋರ್ಸವ್ರು ಇದ್ದಾರ, ಬೈಯವ್ರು ಇದ್ದಾರ. ನೆಟ್ ಕೇಳವ್ರು ನೀವೇ ಮೊದ್ಲು’ ಎಂದು ಪೈಪು ಬಿಚ್ಚಿದ. ಕೇಬಲ್ಲಿಗೆ ಕೂದಲೆಳೆಯಷ್ಟೂ ತಾಗಲಿಲ್ಲ. ನೀರು ತುಂಬಿತು. ಗಳ ಹಿಡಿದ ತೋಳು ರಾತ್ರಿಯೆಲ್ಲ ಮೇಲೇಳಲಿಲ್ಲ. ರವಿವಾರ ಬೆಳಿಗ್ಗೆ ವಿಠೋಬಾ ಮತ್ತೆ ಒಡೆದು ನಿಂತಿದ್ದ.

ಅವತ್ತು ಸಂಜೆಯದು ಇಂದುಬಾಯಿ ನಮಗೆ ಕೊಟ್ಟ ಕೊನೆಯ ರವಿವಾರ. ಸುಲೋಚನಾ ಮಧ್ಯಾಹ್ನದಿಂದಲೇ ಪೇಟಿಯ ಧೂಳು ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು. ನನಗೆ ಕೂಡಲಾಗಲಿಲ್ಲ. ಮೊಬೈಲಿನಲ್ಲಿ ವಿಠ್ಠಲ ತೋರಿಸಿದ್ದ ಆ ಮುಳ್ಳು ತೆರೆದು, ಅಂಗೈಯ ಮೇಲೆ ಇಟ್ಟುಕೊಂಡು ಪಡಸಾಲೆಯಿಂದ ಒಳಕ್ಕೆ ಹೆಜ್ಜೆ ಹೆಜ್ಜೆಯಾಗಿ ನಡೆಯತೊಡಗಿದೆ. ಬರದ ವರ್ಷ ನಮ್ಮ ಹೊಲಗಳಲ್ಲಿ ಬೋರ್ ಹಾಕಿಸುವ ಮೊದಲು ನೀರು ನೋಡುವವರು ಹೀಗೆಯೇ ಅಂಗೈಯಲ್ಲಿ ತೆಂಗಿನಕಾಯಿ ಮಲಗಿಸಿಕೊಂಡು ನಡೆಯುತ್ತಾರೆ. ಕೆಳಗೆ ನೀರಿದ್ದಲ್ಲಿ ಕಾಯಿ ಎದ್ದು ನಿಲ್ಲುತ್ತದೆ ಎನ್ನುತ್ತಾರೆ. ಸುಲೋಚನಾ ನೋಡಿ, ‘ಮನ್ಯಾಗ ಬೋರ್ ಹೊಡಸವರಿದ್ದೀರೇನು?’ ಎಂದಳು. ಪಡಸಾಲೆಯಲ್ಲಿ ಮುಳ್ಳು ಮೇಲಿತ್ತು. ನಡುಮನೆಯ ಬಾಗಿಲಲ್ಲೂ ಮೇಲೇ ಇತ್ತು. ನಡುಮನೆ ದಾಟಿ ಆಚೆ ಕಾಲಿಟ್ಟೆ, ಮುಳ್ಳು ದೊಪ್ಪನೆ ಬಿತ್ತು. ಹಿಂದಕ್ಕೆ ಬಂದೆ, ಎದ್ದಿತು. ಮುಂದಕ್ಕೆ ಹೋದೆ, ಬಿತ್ತು. ತಲೆ ಎತ್ತಿ ನೋಡಿದರೆ ನನ್ನ ಮತ್ತು ಪಡಸಾಲೆಯ ನಡುವೆ ನಿಂತಿದ್ದದ್ದು ನಿನ್ನೆ ಖಾಜಾಭಾಯ್ ತುಂಬಿಸಿ ಹೋದ ನೀರು.

ಹೊರಗಿಟ್ಟರೆ ಬೆಳಗಾಗುವುದರೊಳಗೆ ಖಾಲಿಯಾಗುವ ಕಾಲ ಅದು, ಆದ್ದರಿಂದ ಓಣಿಯವರೆಲ್ಲ ನೀರನ್ನು ಮನೆಯೊಳಗೇ ಇಡುತ್ತಿದ್ದರು. ನಾನಂತೂ ಬೇಸಿಗೆ ಬಲಿತಾಗ ನಡುಮನೆಗೆ ಅಡ್ಡವಾಗಿ ಕಲ್ಲಿನ ಕಟ್ಟೆ ಕಟ್ಟಿ, ಅದರ ಮೇಲೆ ದೊಡ್ಡ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಕೆಳಗೆ ನಲ್ಲಿ ಕೂಡಿಸಿದ್ದೆ. ಒಬ್ಬರು ಅಡ್ಡ ತಿರುಗಿ ಹಾಯುವಷ್ಟು ಸಂದು ಮಾತ್ರ ಬಿಟ್ಟಿದ್ದೆ. ನೋಡಿದವರೆಲ್ಲ ನನ್ನ ಬುದ್ಧಿಯನ್ನು ಹೊಗಳಿದ್ದರು. ನಮ್ಮದು ಹಳೆಯ ಮನೆ, ಕೆಂಪು ಕಲ್ಲಿನ ಗೋಡೆ, ಒಂದೊಂದೂ ಮೊಳಕ್ಕಿಂತ ದಪ್ಪ. ಡಬ್ಬಿಯಿಂದ ಹೊರಟ ನೆಟ್ಟು ಆ ಗೋಡೆ ತೂರಲಾರದೆ, ಇದೊಂದು ನಡುಮನೆಯ ದಾರಿಯಿಂದಲೇ ದೇವರ ಕೋಣೆಗೆ ಹೋಗುತ್ತಿತ್ತು. ಆ ದಾರಿಗೆ ನಾನು ನೀರಿನ ಗೋಡೆ ಕಟ್ಟಿದ್ದೆ. ಡ್ರಮ್ಮು ತುಂಬಿದ ದಿನ ನೀರು ನೆಟ್ಟನ್ನು ಕುಡಿಯುತ್ತಿತ್ತು; ವಾರದ ಕೊನೆಗೆ ನೀರು ಇಳಿದಂತೆ ನೆಟ್ಟು ಹಾಯುತ್ತಿತ್ತು. ನಾನು ಕಟ್ಟೆ ಹತ್ತಿ ಡ್ರಮ್ಮಿನ ಮೇಲಕ್ಕೆ ಕೈ ಚಾಚಿ ಮೊಬೈಲ್ ಹಿಡಿದೆ. ಮುಳ್ಳು ಎದ್ದು ನಿಂತಿತು. ‘ಸಿಕ್ತು’ ಎಂದೆ. ‘ನೀರೇನು?’ ಎಂದಳು ಸುಲೋಚನಾ.

ವಿಷಯ ಕೇಳಿ ಅವಳು ಡ್ರಮ್ಮುಗಳನ್ನೂ ಗಡಿಯಾರವನ್ನೂ ನೋಡಿದಳು. ಡ್ರಮ್ಮಿನ ಈಚೆ ಬಂದು ಕೂತರೆ ಮತ್ತೆ ರಸ್ತೆಯ ಗದ್ದಲ. ಡಬ್ಬಿಯನ್ನು ಮೇಲೆ ಇಡೋಣವೆಂದರೆ ಅದರ ತಂತಿ ಮೊಳದಷ್ಟು ಎತ್ತರಕ್ಕೂ ಏಳಲಿಲ್ಲ. ವಿಠ್ಠಲನಿಗೆ ಫೋನು ಮಾಡಿದರೆ, ಅವನು ಬಸವಕಲ್ಯಾಣಕ್ಕೆ ಮದುವೆಗೆ ಹೋಗಿದ್ದ. ಉದ್ದ ತಂತಿ ನಾಳೆ ಎಂದ. ತುಂಬಿದ ಡ್ರಮ್ಮನ್ನು ಸರಿಸೋಣವೆಂದು ತಬ್ಬಿಕೊಂಡು ದೂಡಿದೆ. ಡ್ರಮ್ಮು ಅಲುಗಲಿಲ್ಲ, ಸೊಂಟ ಅಲುಗಿತು. ಇನ್ನು ಉಳಿದದ್ದು ಒಂದೇ ದಾರಿ, ಖಾಲಿ ಮಾಡುವುದು. ವಾರದ ನೀರು. ಚೆಲ್ಲುವ ಮಾತನ್ನು ಆ ವರ್ಷ ಬೀದರಿನಲ್ಲಿ ಯಾರೂ ಬಾಯಲ್ಲೂ ಆಡುವಂತಿರಲಿಲ್ಲ. ನಾನು ಸುಲೋಚನಾಳ ಮುಖ ನೋಡಿದೆ. ‘ಇಂದು ಈಗ ಶೆಡ್ಡಿನ್ಯಾಗ ಕುಂತಿರ್ತಾಳ, ತಾಳ ಹಿಡ್ಕೊಂಡು’ ಎಂದಳು, ಅಷ್ಟೇ.

ಹೊರಗೆ ಬಂದು ಮನೆಯ ಮುಂದಿನ ಕಟ್ಟೆಯ ಮೇಲೆ ನಿಂತು ನನ್ನ ಹಳೆಯ ಮೈಕಿನ ದನಿಯಲ್ಲಿ ಕೂಗಿದೆ: ‘ಓಣಿ ಮಂದಿ ಎಲ್ಲಾ ಕೇಳ್ರಿ. ಕೊಡ ತಗೊಂಡು ಬರ್ರಿ. ನಮ್ಮ ಮನಿ ನೀರು ಪುರಾ ನಿಮ್ಮದೇ.’ ಓಣಿಯಲ್ಲಿ ಒಂದು ಕದವೂ ತೆರೆಯಲಿಲ್ಲ. ಮತ್ತೊಮ್ಮೆ ಕೂಗಿದೆ. ಎದುರು ಮನೆಯ ಕಿಟಕಿಯ ಪರದೆ ಸ್ವಲ್ಪ ಅಲುಗಿತು. ಯಾರೋ ಮೊಬೈಲಿನಲ್ಲಿ ನನ್ನ ಫೋಟೋ ತೆಗೆಯುತ್ತಿದ್ದರು. ಗೋದಾವರಿ ಮಾತ್ರ ಬರಿಗೈಯಲ್ಲಿ ಬಾಗಿಲಿಗೆ ಬಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ‘ಹೋದ ತಿಂಗಳು ಟ್ಯಾಂಕರ್ ಆಚಿ ಓಣ್ಯಾಗ ನಿಂತದ ಅಂತ ನನಗ ಕೊಡ ಹೊತ್ತು ಓಡಿಸಿದ್ರಲ್ಲ ಕಾಕಾ, ಮರ್ತ್ರೇನು? ಇವತ್ತು ಯಾರಿಗೆ ಓಡಸವರಿದ್ದೀರಿ?’ ‘ಖರೇನೇ ಗೋದಾವರಿ, ದೇವರಾಣಿ’ ಎಂದೆ. ‘ಅವತ್ತೂ ದೇವರಾಣಿನೇ ಮಾಡಿದ್ರಿ’ ಎಂದಳು. ನಲ್ಲಿ ತಿರುಗಿಸಿ ಒಂದು ತಂಬಿಗೆ ನೀರು ತಂದು ತೋರಿಸಿದೆ. ‘ಅದ್ರಾಗ ಏನು ಹಾಕೀರಿ?’ ಎಂದು ಬಗ್ಗಿ ಮೂಸಿದಳು. ಗುಟುಕು ಗುಟುಕಾಗಿ ಬದುಕುತ್ತಿದ್ದ ಓಣಿಯ ನಟ್ಟನಡುವೆ, ತುಂಬಿದ ತಂಬಿಗೆ ಹಿಡಿದು ನಾನು ಗಿರಾಕಿಯಿಲ್ಲದ ಅಂಗಡಿಯವನಂತೆ ನಿಂತೆ. ಬೇರೆ ದಿನವಾಗಿದ್ದರೆ ಇದಕ್ಕಿಂತ ಒಳ್ಳೆಯ ಮಸ್ಕಿರಿ ನನಗೇ ಹೊಳೆಯುತ್ತಿರಲಿಲ್ಲ. ಅವತ್ತು ಒಂದಿಷ್ಟೂ ನಗು ಬರಲಿಲ್ಲ.

ಆಗ ಸುಲೋಚನಾ ಹೊಸ್ತಿಲಿಗೆ ಬಂದಳು. ಕೂಗಲೂ ಇಲ್ಲ. ‘ಗೋದಾವರಿ, ಕೊಡ ತರ್ರಿ. ಪುಣೆದ ಹುಡುಗಿ ಹಾಡೋದದ, ನೀರು ಅಡ್ಡ ಬರ್ಲತ್ತದ’ ಎಂದಳು. ಈ ಮಾತಿನಲ್ಲಿ ಯಾವ ಅರ್ಥವಿದೆ ಎಂದು ನೀವು ಕೇಳಬಹುದು. ಗೋದಾವರಿ ಕೇಳಲಿಲ್ಲ. ಕ್ಷಣದಲ್ಲಿ ಕೊಡ ತಂದಳು. ಅವಳ ಹಿಂದೆ ಒಂದು ಕದ ತೆರೆಯಿತು, ಆಮೇಲೆ ಇನ್ನೊಂದು. ಕೊಡ, ಬಕೆಟ್ಟು, ಕೊಳಗ, ಮದುವೆಯ ಅನ್ನದ ಪಾತೇಲಿ, ಸ್ನಾನದ ಟಬ್ಬು ಎಲ್ಲ ಬಂದವು. ನಾನು ಡ್ರಮ್ಮಿನ ಕಟ್ಟೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ನಲ್ಲಿ ತಿರುಗಿಸುತ್ತ ಹೋದೆ. ಪ್ರತಿಯೊಬ್ಬಳೂ ನೀರು ಹಿಡಿಯುವ ಮೊದಲು ನನ್ನ ಮುಖ ನೋಡಿ, ಆಮೇಲೆ ಸುಲೋಚನಾಳ ಮುಖ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಡ್ರಮ್ಮುಗಳ ತಳ ಗುಳುಗುಳು ಎಂದಿತು.

ಒಳಗೆ ಪೇಟಿ ಶುರುವಾಯಿತು. ಪರದೆಯ ಮೇಲೆ ಇಂದುವಿನ ಮುಖ, ಹಿಂದೆ ತಗಡು. ‘ಅಕ್ಕಾ, ಇವತ್ತು ನಿಮ್ಮ ಮೂಗುಬೊಟ್ಟೂ ಕಾಣ್ಸಲತ್ತದ’ ಎಂದಳು. ಆಮೇಲೆ, ‘ಇದೇನು ಕೊಡದ ಸಪ್ಪಳ? ಲಗ್ನ ಅದ ಏನು?’ ಎಂದು ಕೇಳಿದಳು. ‘ನಿನ್ನ ದಾಜಿ ನೀರು ಹಂಚಲತ್ತಾರ’ ಎಂದಳು ಸುಲೋಚನಾ. ಅಕ್ಕನ ಗಂಡನಿಗೆ ದಾಜಿ ಎನ್ನುತ್ತಾರೆ. ಅವಳ ಲೆಕ್ಕದಲ್ಲಿ ಅದು ನಾನು. ‘ದಾಜಿ? ನೀರು? ಅಕ್ಕಾ, ಕೊಡದ ತಳಕ್ಕ ತೂತು ಇಲ್ಲಲ್ಲ, ನೋಡಿಕೊಂಡ್ರೇನು?’ ಎಂದು ಇಂದು ನಕ್ಕಳು. ಪುಣೆಗೆ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಗು ತುಂಡಾಗದೆ, ಇಡಿಯಾಗಿ ಬಂತು. ಆಮೇಲೆ ಅವಳು ಎತ್ತಿಕೊಂಡ ಅಭಂಗಕ್ಕೆ ಕೊಡ ತುಂಬಿಕೊಂಡ ಹೆಂಗಸರು ಹೊರಡದೆ ನಡುಮನೆಯಲ್ಲೇ ನಿಂತರು. ಗೋದಾವರಿ ಸೊಂಟದ ಮೇಲಿನ ಕೊಡದ ಬಾಯಿಗೆ ಬೆರಳಿನಿಂದ ತಾಳ ಹಾಕಿದಳು. ಹಾಡು ಮುಗಿದಾಗ ಪುಣೆಯ ಶೆಡ್ಡಿನ ಬಾಗಿಲಲ್ಲೂ ಯಾರೋ ನಾಲ್ಕಾರು ಹೆಂಗಸರು ನಿಂತದ್ದು ಕಂಡಿತು, ಅವರು ನಗುತ್ತಿರಲಿಲ್ಲ. ‘ಬರೂ ರವಿವಾರ ಜರಾ ಜಲ್ದಿ ಚಾಲೂ ಮಾಡ್ರಿ ಅಕ್ಕಾ, ಇವ್ರೂ ಕುಂದರ್ತೀವಿ ಅಂಬ್ಲತ್ತಾರ’ ಎಂದಳು ಇಂದು. ಸುಲೋಚನಾ ‘ಹೂಂ’ ಎಂದಳು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಲಿಲ್ಲ ಎಂದು ಅವಳು ತಿಳಿದಿದ್ದಾಳೆ.

ವಿಠ್ಠಲ ಮರುದಿನ ಉದ್ದ ತಂತಿ ತಂದ. ಈ ಸಲ ಬೂಟು ಬಿಚ್ಚಿಸಿದೆ. ಡಬ್ಬಿಯನ್ನು ನಡುಮನೆಯ ಬಾಗಿಲ ಮೇಲೆ, ಮಾಳಿಗೆಯ ತೊಲೆಗೆ ಕೂಡಿಸಿದ. ಈಗ ಕೆಳಗೆ ಎಷ್ಟು ನೀರಾದರೂ ಇರಲಿ, ಮೇಲಿನಿಂದ ನೆಟ್ಟು ಹಾರಿಕೊಂಡು ಹೋಗುತ್ತದೆ. ಇನ್ನು ನಿಶ್ಚಿಂತೆ ಎಂದುಕೊಂಡೆ. ಶನಿವಾರ ಟ್ಯಾಂಕರ್ ಬಂತು, ಡ್ರಮ್ಮು ತುಂಬಿದವು. ರವಿವಾರ ಸಂಜೆ ಬಾಗಿಲು ತೆರೆದು ನೋಡಿದರೆ ಓಣಿಯ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದಾರೆ. ಮುಂದೆ ಗೋದಾವರಿ, ಕಂಕುಳಲ್ಲಿ ಎರಡು ಕೊಡ. ನಾನು ಕೈಮುಗಿದು ಇದ್ದದ್ದು ಇದ್ದಂತೆ ಹೇಳಿದೆ: ‘ಡಬ್ಬಿ ಮ್ಯಾಲ ಇಟ್ಟೀವಿ. ಇನ್ನ ನೀರು ಅಡ್ಡ ಬರಂಗಿಲ್ಲ. ಖಾಲಿ ಮಾಡೋ ಕೆಲ್ಸ ಇಲ್ಲ.’ ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ‘ಕಾಕಾ, ಇದೊಂದು ಮಸ್ಕಿರಿ ಬರೋಬರ್ ಅದ ನೋಡ್ರಿ ನಿಮ್ದು’ ಎಂದು ಗೋದಾವರಿ ಮೆಚ್ಚಿಕೊಂಡು ಹೊಸ್ತಿಲು ದಾಟಿದಳು. ತೊಲೆ ತೋರಿಸಿದೆ, ಡಬ್ಬಿ ತೋರಿಸಿದೆ, ವಿಠ್ಠಲನಿಗೆ ಫೋನು ಹಚ್ಚಿ ಮಾತಾಡಿಸಿದೆ. ವಿಠ್ಠಲನಿಗೂ ನಾನೇ ಹೇಳಿಕೊಟ್ಟಿದ್ದೇನೆ ಎಂದರು. ಒಳಗಿನಿಂದ ಪೇಟಿಯ ಸ್ವರದ ನಡುವೆಯೇ ಸುಲೋಚನಾ, ‘ಸುಮ್ಮ ಒಂದೊಂದು ಕೊಡ ಕೊಡ್ರಿ, ಹಾಡಿನ ಟೈಮ್ ಆಯ್ತು’ ಎಂದಳು. ಕುಕ್ಕರುಗಾಲಲ್ಲಿ ಕೂತೆ, ನಲ್ಲಿ ತಿರುಗಿಸಿದೆ.

ಅಂದಿನಿಂದ ಅದೇ ರೂಢಿಯಾಗಿದೆ. ಭಜನೆಯೂ ನಡೆಯುತ್ತದೆ, ನೀರೂ ಹೋಗುತ್ತದೆ, ಗುರುವಾರದ ಹೊತ್ತಿಗೆ ನಾನು ಸ್ನಾನವನ್ನು ಒದ್ದೆ ಟವೆಲ್ಲಿನಲ್ಲೇ ಮುಗಿಸುತ್ತೇನೆ. ಈಚೆಗೆ ಗೆಳೆಯರು ತಮ್ಮ ಮನೆಯ ನೆಟ್ಟು ನಿಧಾನವೆಂದು ನನ್ನನ್ನು ಕರೆಯುತ್ತಾರೆ. ಮೊಬೈಲನ್ನು ಅಂಗೈಯಲ್ಲಿಟ್ಟುಕೊಂಡು ಮನೆಯೆಲ್ಲ ತಿರುಗಿ ಎಲ್ಲಿ ಅಡ್ಡವಿದೆ ಎಂದು ಖಂಡಿತ ಹೇಳುತ್ತೇನೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಭಾಲ್ಕಿಯಿಂದ ಔರಾದಿನವರೆಗೆ ಸಿಗಲಾರರು. ನಿಮ್ಮ ಮನೆಗೂ ಬರಬಲ್ಲೆ. ಹಣ ಬೇಡ, ಹಾರ ಬೇಡ. ಹೊರಡುವಾಗ ಒಂದು ಕೊಡ ನೀರು ಕೊಟ್ಟರೆ ಸಾಕು. ಇದನ್ನು ಯಾರಿಗೆ ಹೇಳಿದರೂ ನನ್ನ ಬೆನ್ನು ತಟ್ಟಿ, ನಕ್ಕು, ಚಹಾ ಕುಡಿಸಿ ಬರಿಗೈಯಲ್ಲಿ ಕಳಿಸುತ್ತಾರೆ.